ಮೈಸೂರಿನಲ್ಲಿ ಮಾರಾಟಕ್ಕಿರುವ 2014ರ ಎಸ್‌ಎಲ್‌ಕೆ 55 ಎಎಂಜಿ: ಇಷ್ಟು ಕಡಿಮೆ ಓಡಿದ ಕಾರನ್ನು ನಂಬಬಹುದೇ?

ನಾಲೆಬಯಲು (ಮಂಡ್ಯ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಯಾದವಗಿರಿಯಲ್ಲಿ ನಿವೃತ್ತ ವೈದ್ಯರೊಬ್ಬರು ತಮ್ಮ ಮರ್ಸಿಡಿಸ್ ಬೆಂಜ್ ಎಸ್‌ಎಲ್‌ಕೆ 55 ಎಎಂಜಿ ಕಾರನ್ನು ಮಾರಲು ನಿರ್ಧರಿಸಿದ್ದಾರೆ. ಪರಿಚಯದವರ ಮೂಲಕ ವಿಷಯ ತಿಳಿದು, ಕಳೆದ ಭಾನುವಾರ ಹೋಗಿ ನೋಡಿಕೊಂಡು ಬಂದೆ. 2014ರಲ್ಲಿ ಕೆಎ-09 ನೋಂದಣಿಯಾದ ಕಾರು. ಮೊದಲಿನಿಂದಲೂ ಒಬ್ಬರೇ ಮಾಲೀಕರು. ಮೀಟರ್ ತೋರಿಸುತ್ತಿರುವುದು 17,400 ಕಿಲೋಮೀಟರ್. ಬೂದು ಬಣ್ಣ, ಒಳಗೆ ಕೆಂಪು ಲೆದರ್, ಎಲ್ಲಿಯೂ ಗೀರು ಕಾಣಲಿಲ್ಲ. ಗುಂಡಿ ಒತ್ತಿದರೆ ಗಟ್ಟಿ ಛಾವಣಿ ತಾನಾಗಿಯೇ ಮಡಚಿಕೊಂಡು ಡಿಕ್ಕಿಯೊಳಗೆ ಕುಳಿತುಕೊಳ್ಳುವುದನ್ನು ನೋಡಿದಾಗ ಅಲ್ಲಿಯೇ ಮುಂಗಡ ಕೊಟ್ಟುಬಿಡಬೇಕೆನಿಸಿತು. ಜೊತೆಯಲ್ಲಿ ಬಂದಿದ್ದ ನಮ್ಮ ಭಾವನವರು ತಡೆದರು.

ನಾನು ತಿಳಿದುಕೊಂಡಿರುವ ಮಟ್ಟಿಗೆ, ಇದು ಮರ್ಸಿಡಿಸ್‌ನ ವೇಗದ ಕಾರುಗಳ ವಿಭಾಗವಾದ ಎಎಂಜಿ ರೂಪಿಸಿದ, 5.5 ಲೀಟರ್ ವಿ8 (ಎಂಟು ಸಿಲಿಂಡರುಗಳ) ಎಂಜಿನ್ನಿನ ಎರಡು ಸೀಟಿನ ಕಾರು. ಟರ್ಬೊ ಇಲ್ಲದೆಯೇ 422 ಅಶ್ವಶಕ್ತಿ, 540 ನ್ಯೂಟನ್ ಮೀಟರ್ ಟಾರ್ಕ್. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 4.6 ಸೆಕೆಂಡು. ಭಾರತದಲ್ಲಿ 2013ರ ಕೊನೆಯಲ್ಲಿ ಬಿಡುಗಡೆಯಾದಾಗ ಶೋರೂಂ ಬೆಲೆಯೇ ಸುಮಾರು ಒಂದೂಕಾಲು ಕೋಟಿ ಇತ್ತು. ಈಗ ಅವರು ಕೇಳುತ್ತಿರುವುದು ಅದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು.

2020ರವರೆಗೆ ಕಂಪನಿಯ ಸರ್ವಿಸ್ ದಾಖಲೆ ಪೂರ್ತಿಯಾಗಿದೆ. ಆ ನಂತರ ಎರಡು ವರ್ಷ ಯಾವ ಬಿಲ್ಲೂ ಇಲ್ಲ. ಬಳಿಕ ಬೆಂಗಳೂರಿನ ಒಂದು ಖಾಸಗಿ ಗ್ಯಾರೇಜಿನಲ್ಲಿ ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿದ ಬಿಲ್ಲುಗಳಿವೆ. ನಡುವಿನ ಎರಡು ವರ್ಷ ಕಾರು ಮನೆಯಲ್ಲಿಯೇ ನಿಂತಿತ್ತೆಂದು ಡಾಕ್ಟರು ತಾವಾಗಿಯೇ ಹೇಳಿದರು. ಅವರ ಮಾತಿನಲ್ಲಿ ನನಗೆ ಸಂಶಯವೇನೂ ಬರಲಿಲ್ಲ.

ಮನೆಯ ಬಳಕೆಗೆ ನಮ್ಮಲ್ಲಿ ಇನ್ನೋವಾ ಇದೆ. ಆದ್ದರಿಂದ ಇದು ರಜೆಯ ದಿನಗಳಿಗೆ ಮಾತ್ರ. ಇಷ್ಟು ಕಡಿಮೆ ಓಡಿರುವುದನ್ನು ಲಾಭವೆಂದು ಎಣಿಸಬೇಕೇ? ಕೊಳ್ಳುವ ಮೊದಲು ಏನೇನು ಪರೀಕ್ಷಿಸಬೇಕು? ಮಂಡ್ಯದಲ್ಲಿದ್ದುಕೊಂಡು ಇಂಥ ಕಾರನ್ನು ಸಾಕಲು ಸಾಧ್ಯವೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಪಾನಾಪೆಟ್ಟಿಗೆ (ಮೈಸೂರು) ಉತ್ತರ:

ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವರ್ಕ್‌ಶಾಪ್ ನಡೆಸುತ್ತೇನೆ. ಬರುವುದು ಹೆಚ್ಚಾಗಿ ಜರ್ಮನ್ ಕಾರುಗಳೇ. ಮೊದಲಿಗೆ, ಆ ಹದಿನೇಳು ಸಾವಿರವೆಂಬ ಅಂಕಿಯನ್ನು ಪಕ್ಕಕ್ಕಿಡಿ. ರಬ್ಬರಿಗೆ ಮೀಟರ್ ಓದಲು ಬರುವುದಿಲ್ಲ. ಬೀಡಿಂಗ್, ಬುಷ್, ಎಂಜಿನ್ ಮೌಂಟಿಂಗ್, ಟೈರು, ಹೋಸುಗಳು, ಎ.ಸಿ.ಯ ಸೀಲುಗಳು ಕಾರು ಓಡಿದರೂ ಓಡದಿದ್ದರೂ ವರ್ಷ ಕಳೆದಂತೆ ಗಟ್ಟಿಯಾಗುತ್ತವೆ; ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ, ಆದ್ದರಿಂದಲೇ ಅದನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂಬ ನಿಯಮ. ನನ್ನನ್ನು ಕೇಳಿದರೆ, ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ತಪ್ಪದೆ ಓಡಿ, ಪ್ರತಿ ವರ್ಷದ ಬಿಲ್ಲನ್ನೂ ಇಟ್ಟುಕೊಂಡ ಐವತ್ತು ಸಾವಿರದ ಕಾರು, ಎರಡು ವರ್ಷ ಹೊದಿಕೆಯ ಕೆಳಗೆ ನಿಂತಿದ್ದ ಹದಿನೇಳು ಸಾವಿರದ ಕಾರಿಗಿಂತ ಮೇಲು. ಹಾಗೆಂದು ಈ ಕಾರನ್ನು ಬಿಡಿ ಎನ್ನುತ್ತಿಲ್ಲ. ಕೇಳುತ್ತಿರುವ ಹೆಚ್ಚಿನ ಹಣ ಕಡಿಮೆ ಓಟಕ್ಕಾಗಿಯೋ, ಮಾಡಿಸಿದ ಕೆಲಸಕ್ಕಾಗಿಯೋ ಎಂಬುದು ನಿಮಗೆ ಸ್ಪಷ್ಟವಿರಬೇಕು.

ಈಗ ಕಾರಿನ ವಿಷಯ. ಇದರಲ್ಲಿರುವುದು ಎಂ152 ಎಂಬ ಎಂಜಿನ್. ಎಎಂಜಿಯ ದೊಡ್ಡ ಕಾರುಗಳಲ್ಲಿ ಬರುತ್ತಿದ್ದ ಎರಡು ಟರ್ಬೊಗಳ ಎಂ157 ಎಂಜಿನ್ನಿನಿಂದ ಟರ್ಬೊಗಳನ್ನು ತೆಗೆದು, ತಲೆಭಾಗವನ್ನು ಬೇರೆಯಾಗಿ ರೂಪಿಸಿ, ಈ ಒಂದು ಕಾರಿಗೆಂದೇ ಮಾಡಿದ ಎಂಜಿನ್ ಅದು. ಮತ್ತಾವ ಮಾದರಿಯಲ್ಲಿಯೂ ಅದು ಬರಲಿಲ್ಲ. 2016ರಲ್ಲಿ ಎಸ್‌ಎಲ್‌ಕೆ ಹೋಗಿ ಎಸ್‌ಎಲ್‌ಸಿ ಬಂದಾಗ ಈ ವಿ8 ಜಾಗಕ್ಕೆ ಮೂರು ಲೀಟರಿನ, ಎರಡು ಟರ್ಬೊಗಳ ವಿ6 ಬಂದಿತು. ಕಾರು ಅಪರೂಪವಾಗಿರುವುದಕ್ಕೆ ಇದೇ ಕಾರಣ. ಖರ್ಚಿಗೆ ಕಾರಣವೂ ಇದೇ. ಫಿಲ್ಟರು, ಬ್ರೇಕ್ ಪ್ಯಾಡು, ಸಸ್ಪೆನ್ಷನ್ನಿನ ಭಾಗಗಳು ಹೇಗಾದರೂ ಸಿಗುತ್ತವೆ. ಎಂಜಿನ್ನಿನ ತಲೆಭಾಗದ್ದೇನಾದರೂ ಬೇಕಾದರೆ ಜರ್ಮನಿಯಿಂದ ತರಿಸಿಕೊಳ್ಳಬೇಕು, ಕಾಯಬೇಕು, ಬಿಲ್ಲು ನೋಡುವಾಗ ಕುಳಿತುಕೊಂಡಿರಬೇಕು.

ಮೊದಲು ಇದು ನಿಜವಾದ 55 ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಇದೇ ಕಾರಿನ ಕಡಿಮೆ ಶಕ್ತಿಯ ರೂಪವಾದ ಎಸ್‌ಎಲ್‌ಕೆ 350ಕ್ಕೆ ಎಎಂಜಿಯ ಬಂಪರು, ಬ್ಯಾಡ್ಜು ಹಾಕಿ ನಿಲ್ಲಿಸುವುದು ಕಷ್ಟದ ಕೆಲಸವಲ್ಲ. ಚಾಸಿಸ್ ಸಂಖ್ಯೆ ಡಬ್ಲ್ಯುಡಿಡಿ ಎಂಬ ಮೂರು ಅಕ್ಷರಗಳಿಂದ ಆರಂಭವಾಗಿ, ಮುಂದಿನ ಆರು ಅಂಕಿಗಳು 172475 ಎಂದಿರಬೇಕು. ಮುಂದಿನ ಗಾಜಿನ ಕೆಳಮೂಲೆಯಲ್ಲಿರುವ ಸಂಖ್ಯೆಯೂ, ಆರ್‌ಸಿಯಲ್ಲಿರುವುದೂ, ಬಾಡಿಯ ಮೇಲೆ ಕೊರೆದಿರುವುದೂ ಒಂದೇ ಆಗಿರಬೇಕು. ಬಾನೆಟ್ ಎತ್ತಿದರೆ ಎಂಜಿನ್ನಿನ ಮೇಲೆ ಒಂದು ಚಿಕ್ಕ ಫಲಕವಿದ್ದು, ಜರ್ಮನಿಯ ಆಫಾಲ್ಟರ್‌ಬಾಖ್‌ನಲ್ಲಿರುವ ಎಎಂಜಿ ಕಾರ್ಖಾನೆಯಲ್ಲಿ ಆ ಎಂಜಿನ್ನನ್ನು ಕೈಯಾರೆ ಜೋಡಿಸಿದ ವ್ಯಕ್ತಿಯ ಸಹಿ ಅದರಲ್ಲಿರುತ್ತದೆ.

ನೋಡಲು ಹೋಗುವಾಗ ಬೆಳಿಗ್ಗೆಯೇ ಹೋಗಿ, ಮತ್ತು ಕಾರನ್ನು ಮೊದಲೇ ಸ್ಟಾರ್ಟ್ ಮಾಡಿಡಬಾರದೆಂದು ವಿನಂತಿಸಿಕೊಳ್ಳಿ. ತಣ್ಣಗಿರುವ ಎಂಜಿನ್ ಹೇಳುವ ಸತ್ಯವನ್ನು ಬಿಸಿಯಾದ ಎಂಜಿನ್ ಹೇಳುವುದಿಲ್ಲ. ಸ್ಟಾರ್ಟ್ ಆದ ಕ್ಷಣ ಟಿಕಟಿಕ ಸದ್ದು ಬಂದು ನಿಲ್ಲದೆ ಮುಂದುವರಿದರೆ, ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ, ಅಲ್ಲಿಗೆ ಮಾತು ನಿಲ್ಲಿಸಿ. ಓಡಿಸುವಾಗ ಗೇರನ್ನು ಇಂಧನ ಉಳಿಸುವ ‘ಸಿ’ ಮೋಡಿನಲ್ಲಿಟ್ಟು ನಿಧಾನವಾಗಿ ಹೋಗಿ. ಎಂಜಿನ್ನಿನ ಮೇಲೆ ಹೊರೆ ಕಡಿಮೆಯಿರುವಾಗ, ಸುಮಾರು 800ರಿಂದ 3,600 ಆರ್‌ಪಿಎಂ ನಡುವೆ, ಎಂಟರಲ್ಲಿ ನಾಲ್ಕು ಸಿಲಿಂಡರುಗಳು ತಾವಾಗಿಯೇ ನಿಂತುಹೋಗುತ್ತವೆ. ಮೀಟರ್ ಪಟ್ಟಿಯಲ್ಲಿ ಅದರ ಸೂಚನೆ ಕಾಣುತ್ತದೆ. ನಾಲ್ಕರಿಂದ ಎಂಟಕ್ಕೆ ಹೋಗುವಾಗ ಜರ್ಕ್ ಗೊತ್ತಾಗಬಾರದು. ಗೇರ್‌ಬಾಕ್ಸ್ ಇತರ ಹಲವು ಎಎಂಜಿಗಳಲ್ಲಿರುವ ಕ್ಲಚ್ ಮಾದರಿಯದಲ್ಲ. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಏಳು ಗೇರಿನದು, ಗಟ್ಟಿಮುಟ್ಟಾದದ್ದು. ಆದರೆ ಅದರ ಆಯಿಲ್ ಬದಲಾಯಿಸಿದ ಬಿಲ್ಲು ಇದೆಯೇ ನೋಡಿ. ಇಂಥ ಕಡಿಮೆ ಓಡಿದ ಕಾರುಗಳಲ್ಲಿ ‘ಇನ್ನೂ ಅಷ್ಟು ಕಿಲೋಮೀಟರ್ ಆಗಿಲ್ಲವಲ್ಲ’ ಎಂದು ಅದನ್ನು ಹಾಗೆಯೇ ಬಿಟ್ಟಿರುವುದೇ ಹೆಚ್ಚು.

ಛಾವಣಿಯನ್ನು ಒಮ್ಮೆ ತೆರೆದು ಮುಚ್ಚಿ ತೋರಿಸಿದರೆ ಸಾಲದು. ಎಂಜಿನ್ ಚಾಲೂ ಇರುವಾಗ ಮೂರು ಬಾರಿ ಬಿಡುವಿಲ್ಲದೆ ತೆರೆದು ಮುಚ್ಚಿಸಿ. ಹೊಸದರಲ್ಲಿ ಇಪ್ಪತ್ತು ಸೆಕೆಂಡಿನೊಳಗೆ ಮುಗಿಯುತ್ತಿದ್ದ ಕೆಲಸವಿದು. ಮೂರನೆಯ ಬಾರಿಗೆ ನಿಧಾನವಾದರೆ, ಪಂಪಿನ ಸದ್ದು ಏರುಪೇರಾದರೆ, ಎಡಬಲ ಒಟ್ಟಿಗೆ ಚಲಿಸದಿದ್ದರೆ, ಎಣ್ಣೆಯ ಒತ್ತಡದಿಂದ ಛಾವಣಿಯನ್ನು ಚಲಿಸುವ ಹೈಡ್ರಾಲಿಕ್ ಕಡೆ ನೋಡಬೇಕು. ಡಿಕ್ಕಿಯ ಎರಡೂ ಬದಿಯ ಒಳಹೊದಿಕೆಯನ್ನು ಸರಿಸಿ, ಛಾವಣಿಯ ಹೈಡ್ರಾಲಿಕ್ ಸಿಲಿಂಡರುಗಳ ಮತ್ತು ಪೈಪುಗಳ ಜೋಡಣೆಯಲ್ಲಿ ಎಣ್ಣೆಯ ಜಿಗುಟಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಇನ್ನೊಂದು ಮಾತು: ಡಿಕ್ಕಿಯೊಳಗಿನ ಅಡ್ಡಪರದೆಯನ್ನು ಸರಿಯಾಗಿ ಎಳೆದು ಸಿಕ್ಕಿಸದಿದ್ದರೆ ಛಾವಣಿ ಮಿಸುಕುವುದೇ ಇಲ್ಲ, ಬ್ಯಾಟರಿ ಸೊರಗಿದ್ದರೂ ಹಾಗೆಯೇ. ‘ರೂಫ್ ಕೆಟ್ಟಿದೆ’ ಎಂದು ನನ್ನ ಬಳಿ ಬಂದ ಇಂಥ ಕಾರುಗಳಲ್ಲಿ ಹಲವು ಈ ಎರಡು ಕಾರಣಗಳಿಂದಲೇ ಬಂದಿದ್ದವು.

ಆಮೇಲೆ ನೀರಿನ ಪೈಪು ಹಿಡಿದು, ಮುಂದಿನ ಗಾಜಿನ ಮೇಲಂಚಿನ ಜೋಡಣೆ, ಬದಿಯ ಗಾಜುಗಳ ಅಂಚು, ಹಿಂದಿನ ಗಾಜಿನ ಬುಡ, ಎಲ್ಲ ಕಡೆಗೂ ಹತ್ತು ನಿಮಿಷ ಬಿಡಿ. ಒಳಗೆ ಬಂದು ಕಾರ್ಪೆಟ್ಟಿನ ಕೆಳಗೆ ಕೈ ಹಾಕಿ. ಯಾದವಗಿರಿಯ ರಸ್ತೆಗಳಲ್ಲಿ ಮರಗಳು ದಂಡಿಯಾಗಿವೆ; ಎಲೆ, ಹೂವು ಉದುರಿ ನೀರು ಹರಿದುಹೋಗುವ ರಂಧ್ರಗಳನ್ನು ಮುಚ್ಚಿದರೆ ನೀರು ದಾರಿ ಹುಡುಕಿಕೊಂಡು ಒಳಗೇ ಬರುತ್ತದೆ.

ಕೊನೆಯದಾಗಿ, ಮರ್ಸಿಡಿಸ್‌ನ ಕ್ಸೆಂಟ್ರಿ ಸ್ಕ್ಯಾನರ್ ಇರುವ ಕಡೆ ಕಾರನ್ನು ಒಮ್ಮೆ ಓದಿಸಿ. ಓಡಿದ ದೂರದ ದಾಖಲೆ ಮೀಟರಿನಲ್ಲಿ ಮಾತ್ರವಲ್ಲದೆ ಬೇರೆ ಘಟಕಗಳಲ್ಲಿಯೂ ಉಳಿದಿರುತ್ತದೆ. ಡಾಕ್ಟರನ್ನು ಅನುಮಾನಿಸಲು ಹೇಳುತ್ತಿಲ್ಲ; ನಾಳೆ ನೀವು ಮಾರುವಾಗ ಇದೇ ಪ್ರಶ್ನೆ ನಿಮಗೂ ಬರುತ್ತದೆ.

ಬನ್ನಿಮಂಟಪ ರಸ್ತೆ (ಮೈಸೂರು) ಉತ್ತರ:

ಬೆಲೆಯ ಬಗ್ಗೆ ಎರಡು ಮಾತು. ಅಂದಿನ ಶೋರೂಂ ಬೆಲೆಯ ಮೂರನೇ ಒಂದು ಪಾಲು ಎಂಬ ಲೆಕ್ಕ ಕೇಳುವವರಿಗೆ ಅಗ್ಗವೆನಿಸುತ್ತದೆ, ಆದರೆ ಆ ಲೆಕ್ಕಕ್ಕೆ ಇಂದು ಯಾವ ಅರ್ಥವೂ ಇಲ್ಲ. ಅಂದಿನ ಬೆಲೆಯಲ್ಲಿ ದೊಡ್ಡ ಭಾಗ ಆಮದು ಸುಂಕ. ಇದು ಜರ್ಮನಿಯ ಬ್ರೆಮೆನ್‌ನಲ್ಲಿ ಪೂರ್ತಿ ತಯಾರಾಗಿ ಹಡಗಿನಲ್ಲಿ ಬಂದ ಕಾರು. ಇಂದು ನಿಮ್ಮೆದುರು ಇರುವ ಪ್ರಶ್ನೆ ಬೇರೆ: ಇದೇ ಹಣಕ್ಕೆ ಪೋರ್ಷೆ ಬಾಕ್ಸ್‌ಸ್ಟರ್ ಅಥವಾ ಬಿಎಂಡಬ್ಲ್ಯು ಜೆಡ್4 ಸಿಗುವಾಗ ಇದನ್ನೇ ಏಕೆ ಕೊಳ್ಳಬೇಕು? ತಿರುವುಗಳಲ್ಲಿ ಓಡಿಸುವ ಸುಖ ಮುಖ್ಯವಾದರೆ ಎಂಜಿನ್ ನಡುವೆ ಇರುವ ಬಾಕ್ಸ್‌ಸ್ಟರ್ ಉತ್ತಮವೆಂಬುದು ನನ್ನ ಅಭಿಪ್ರಾಯ. ವಿ8 ಸದ್ದು ಬೇಕು, ಗಟ್ಟಿ ಛಾವಣಿಯೂ ಬೇಕು ಎಂದಾದರೆ ಎಸ್‌ಎಲ್‌ಕೆ 55ಕ್ಕೆ ಎದುರಾಳಿಯೇ ಇಲ್ಲ.

ಒಂದು ಕಾಗದದ ಮೇಲೆ ತಕ್ಷಣ ಮಾಡಿಸಲೇಬೇಕಾದ ಕೆಲಸಗಳನ್ನು ಬರೆದು, ವರ್ಕ್‌ಶಾಪಿನಿಂದ ಅಂದಾಜು ಪಡೆದು, ಆ ಮೊತ್ತವನ್ನು ಪೂರ್ತಿಯಾಗಿ ಕೇಳಿದ ಬೆಲೆಯಿಂದ ಕಳೆಯಿರಿ. ಅಪರೂಪದ ಕಾರಿಗೆ ಕೊಳ್ಳುವವರೂ ಅಪರೂಪವೇ ಎಂಬುದನ್ನು ಮಾರುವವರೂ ಬಲ್ಲರು. ಅವಸರ ಬೇಡ.

ಹಳೆಯ ಸರ್ವೇಯರ್ (ಮೈಸೂರು) ಉತ್ತರ:

ವಾಹನ ವಿಮೆಯ ಸರ್ವೇಯರ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಯಂತ್ರದ ಬಗ್ಗೆ ಪಾನಾಪೆಟ್ಟಿಗೆಯವರು ಹೇಳಿದ ಮೇಲೆ ನನ್ನದೇನೂ ಉಳಿದಿಲ್ಲ. ಕಾಗದಪತ್ರಗಳ ಬಗ್ಗೆ ಬರೆಯುತ್ತೇನೆ.

ಕಾರು ಮೊದಲಿನಿಂದಲೂ ಕೆಎ-09 ಆಗಿರುವುದು ನಿಮಗೆ ದೊಡ್ಡ ಅನುಕೂಲ. ಇಪ್ಪತ್ತು ಲಕ್ಷಕ್ಕಿಂತ ಹೆಚ್ಚಿನ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇಕಡ 18, ಅದರ ಮೇಲೆ ಸೆಸ್ ಬೇರೆ. ಇದನ್ನು ತಪ್ಪಿಸಿಕೊಳ್ಳಲೆಂದೇ ಪುದುಚೇರಿಯಲ್ಲಿ ನೋಂದಾಯಿಸಿದ ಐಷಾರಾಮಿ ಕಾರುಗಳನ್ನು ನಮ್ಮ ಸಾರಿಗೆ ಇಲಾಖೆಯವರು ತಡೆದು ತೆರಿಗೆ ವಸೂಲಿ ಮಾಡಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಹೊರರಾಜ್ಯದ ಕಾರಾಗಿದ್ದರೆ ಎನ್‌ಒಸಿ, ಮರುನೋಂದಣಿ, ಇಲ್ಲಿನ ತೆರಿಗೆ, ಅಲ್ಲಿನ ತೆರಿಗೆಯ ಮರುಪಾವತಿ ಎಂದು ಅಲೆದಾಡಬೇಕಾಗುತ್ತಿತ್ತು. ನಿಮ್ಮ ಸಂದರ್ಭದಲ್ಲಿ ಹೆಸರು ವರ್ಗಾವಣೆಯ ಫಾರಂ 29 ಮತ್ತು 30 ಸಾಕು. ಸಾಲದಲ್ಲಿ ಕೊಂಡಿದ್ದರೆ ಬ್ಯಾಂಕಿನ ಪತ್ರದೊಂದಿಗೆ ಫಾರಂ 35 ಸಲ್ಲಿಸಿ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿರಬೇಕು. ಸಾಲ ತೀರಿದ್ದರೂ ಹೆಸರು ಹಾಗೆಯೇ ಉಳಿದಿರುವುದು ನಾವು ಪದೇ ಪದೇ ಕಾಣುವ ಸಂಗತಿ.

ಮೊದಲ ಖರೀದಿಯ ಇನ್‌ವಾಯ್ಸ್ ಕೇಳಿ ಪಡೆಯಿರಿ. ಕಂಪನಿಯ ಅಧಿಕೃತ ಡೀಲರಿನಿಂದ ಕೊಂಡದ್ದಾದರೆ ಚಿಂತೆಯಿಲ್ಲ. ಖಾಸಗಿಯಾಗಿ ಆಮದು ಮಾಡಿಸಿದ್ದಾದರೆ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಕಸ್ಟಮ್ಸ್ ದಾಖಲೆ, ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸುಂಕದಲ್ಲಿ ಲೋಪವಿದ್ದರೆ ಅಧಿಕಾರಿಗಳು ಬರುವುದು ಕಾರು ಇರುವ ಮನೆಗೆ. ಪರಿವಾಹನ್ ಪೋರ್ಟಲ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ಬಾಕಿ ದಂಡಗಳನ್ನೂ ನೋಡಿಕೊಳ್ಳಿ. 2019ರ ಏಪ್ರಿಲ್‌ಗಿಂತ ಮೊದಲಿನ ಕಾರಾದ್ದರಿಂದ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ಎಂಬುದನ್ನೂ ಗಮನಿಸಿ.

ನೋಂದಣಿಯ ಅವಧಿ ಹದಿನೈದು ವರ್ಷ, ಅಂದರೆ 2029ಕ್ಕೆ ಮುಗಿಯುತ್ತದೆ. ಆಗ ಆರ್‌ಟಿಒ ಪರೀಕ್ಷೆ, ಹಸಿರು ತೆರಿಗೆ, ಐದು ವರ್ಷಗಳ ನವೀಕರಣ. ಕಾರು ಸುಸ್ಥಿತಿಯಲ್ಲಿದ್ದರೆ ಇದರಲ್ಲಿ ಹೆದರುವಂಥದ್ದೇನಿಲ್ಲ. ಆದರೆ ನವೀಕರಣಕ್ಕೆ ಹತ್ತಿರವಾಗಿರುವ ಕಾರನ್ನು ಮಾರುವುದು ಕಷ್ಟವಾದ್ದರಿಂದ, ಕೆಲವೇ ವರ್ಷ ಇಟ್ಟುಕೊಂಡು ಮಾರುವ ಯೋಚನೆ ನಿಮಗಿದ್ದರೆ ಇದನ್ನು ಈಗಲೇ ಬೆಲೆಯಲ್ಲಿ ಸೇರಿಸಿಕೊಳ್ಳಿ.

ವಿಮೆಯ ವಿಷಯದಲ್ಲಿ ಜನರಿಗೆ ತಿಳಿಯದ ಎರಡು ಸಂಗತಿಗಳಿವೆ. ನೋ ಕ್ಲೈಮ್ ಬೋನಸ್ ವ್ಯಕ್ತಿಗೆ ಸೇರಿದ್ದು, ಕಾರಿಗಲ್ಲ. ಡಾಕ್ಟರ ರಿಯಾಯಿತಿ ನಿಮಗೆ ಬರುವುದಿಲ್ಲ. ಎರಡನೆಯದು, ಐದು ವರ್ಷ ದಾಟಿದ ಕಾರಿನ ಐಡಿವಿ, ಅಂದರೆ ವಿಮೆಯ ಮೌಲ್ಯ, ಕಂಪನಿಯೂ ನೀವೂ ಒಪ್ಪಿ ನಿಗದಿಪಡಿಸುವಂಥದ್ದು. ಪ್ರೀಮಿಯಂ ಉಳಿಸಲು ಅದನ್ನು ಕಡಿಮೆ ಬರೆಸುವವರೇ ಹೆಚ್ಚು. ಈ ಕಾರಿನ ಎರಡು ಹೆಡ್‌ಲೈಟುಗಳೂ ಬಂಪರೂ ಹೋದರೆ ಬರುವ ಬಿಲ್ಲಿನ ಎದುರು ಆ ಉಳಿತಾಯ ಏನೂ ಅಲ್ಲ. ಹೆಸರು ವರ್ಗಾವಣೆಯಾದ ಹದಿನಾಲ್ಕು ದಿನಗಳೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ನಿಷೇಧಿಸಿದೆ.

ನಾಲೆಬಯಲು ಮರುಪ್ರಶ್ನೆ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಇನ್‌ವಾಯ್ಸ್ ಬಗ್ಗೆ ಡಾಕ್ಟರಿಗೆ ಫೋನು ಮಾಡಿದೆ; ಅಧಿಕೃತ ಡೀಲರಿನದೇ, ಮೂಲಪ್ರತಿ ಇದೆ, ಸಾಲವಿರಲಿಲ್ಲ. ಪರೀಕ್ಷೆಗೆ ಅವರೇ ದಿನ ಗೊತ್ತುಮಾಡಿದ್ದಾರೆ. ಆದರೆ ನಿತ್ಯದ ಬಳಕೆಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮನೆ ಮಂಡ್ಯ ಪಟ್ಟಣದಿಂದ ಸ್ವಲ್ಪ ಒಳಗೆ, ನಾಲೆಯ ಏರಿಯ ಪಕ್ಕದ ಹಳ್ಳಿಯಲ್ಲಿದೆ. ಇಂಥ ಕಾರನ್ನು ಈ ಕಡೆ ಇಟ್ಟುಕೊಂಡವರ ಅನುಭವ ತಿಳಿದರೆ ಉಪಕಾರವಾಗುತ್ತದೆ.

ಒಂಟಿಕೊಪ್ಪಲಿನವ (ಮೈಸೂರು) ಉತ್ತರ:

ನನ್ನ ಬಳಿ ಬಟ್ಟೆಯ ಛಾವಣಿಯ ಬೇರೊಂದು ಓಪನ್ ಕಾರು ಬಹುಕಾಲದಿಂದ ಇದೆ. ಛಾವಣಿ ತೆರೆದು ಓಡಿಸುವ ಸುಖದ ವಿಷಯದಲ್ಲಿ ಮೈಸೂರು ಸೀಮೆಗಿಂತ ಒಳ್ಳೆಯ ಜಾಗ ನಮ್ಮ ರಾಜ್ಯದಲ್ಲಿ ವಿರಳ. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಿಗ್ಗೆ ಆರರಿಂದ ಒಂಬತ್ತು, ಲಲಿತಮಹಲ್ ರಸ್ತೆ, ಚಾಮುಂಡಿ ಬೆಟ್ಟದ ತಿರುವುಗಳು. ಮಾರ್ಚ್ ಬಂದರೆ ಹತ್ತು ಗಂಟೆಯ ಮೇಲೆ ತಲೆ ಕಾಯುತ್ತದೆ. ಛಾವಣಿ ಮುಚ್ಚಿ ಎ.ಸಿ. ಹಾಕಿಕೊಂಡು ಹೋಗುತ್ತೀರಿ. ನಿಮ್ಮ ಕಾರಿನಲ್ಲಿ ಸೀಟಿನ ಮೇಲ್ಭಾಗದಿಂದ ಕುತ್ತಿಗೆಗೆ ಬಿಸಿಗಾಳಿ ಬೀಸುವ ಏರ್‌ಸ್ಕಾರ್ಫ್ ಇದ್ದರೆ ಧನುರ್ಮಾಸದಲ್ಲಿ ಅದೂ ಕೆಲಸಕ್ಕೆ ಬರುತ್ತದೆ, ನಗಬೇಡಿ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಿಸುವ ಕನಸೇನಾದರೂ ಇದ್ದರೆ ಅದನ್ನು ಸ್ವಲ್ಪ ತಗ್ಗಿಸಿಕೊಳ್ಳಿ. ಗಂಟೆಗೆ ನೂರು ಕಿಲೋಮೀಟರಿನ ಮಿತಿಯಿದೆ, ಉದ್ದಕ್ಕೂ ಕ್ಯಾಮೆರಾಗಳಿವೆ. ಪಾನಾಪೆಟ್ಟಿಗೆಯವರು ಹೇಳಿದ ಲೆಕ್ಕದ ಪ್ರಕಾರ ಆ ವೇಗದಲ್ಲಿ ನಿಮ್ಮ ವಿ8ರ ಅರ್ಧ ಸಿಲಿಂಡರುಗಳು ಮಲಗಿಯೇ ಇರುತ್ತವೆ. 2023ರ ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯರಸ್ತೆಗೆ ಬಿಡದಿರುವುದರಿಂದ ನೆಮ್ಮದಿಯಾಗಿ ಹೋಗಬಹುದು ಎಂಬುದಷ್ಟೇ ಲಾಭ.

ಆದರೆ ನಿಮ್ಮ ನಿಜವಾದ ತೊಂದರೆ ಹೆದ್ದಾರಿಯಿಂದ ಇಳಿದ ಮೇಲೆ ಆರಂಭವಾಗುತ್ತದೆ. ನಮ್ಮ ಹಳ್ಳಿಗಳ ಹಂಪುಗಳಿಗೆ ಅಳತೆಯೆಂಬುದಿಲ್ಲ. ನೆಲಕ್ಕೆ ಹತ್ತಿರವಾಗಿ ಕುಳಿತಿರುವ ಈ ಕಾರನ್ನು ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ದಾಟಿಸಬೇಕು. ಹಿಂದೆ ಬಂದವರು ಹಾರನ್ ಹೊಡೆಯಲಿ. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರುಗಳಿಂದ ಬಿದ್ದ ಜಲ್ಲೆಗಳು ರಸ್ತೆಯ ಮೇಲಿರುತ್ತವೆ. ಇನ್ನೋವಾ ಅವುಗಳ ಮೇಲೆ ಹಾದುಹೋಗುತ್ತದೆ, ಇದರ ಮುಂಬಂಪರಿನ ಕೆಳತುಟಿ ಒಡೆಯುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ರಸ್ತೆಯ ಮೇಲಿನ ಒಕ್ಕಣೆ. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಗೆ ಹರಡಿ ವಾಹನಗಳ ಚಕ್ರದಿಂದಲೇ ತುಳಿಸುವುದು ನಿಮಗೆ ಗೊತ್ತೇ ಇದೆ. ಒಣ ಹುಲ್ಲು ಕಾರಿನ ತಳಕ್ಕೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗುಲಿ, ಎತ್ತರದ ಕಾರುಗಳೇ ಹೊತ್ತಿ ಉರಿದ ಉದಾಹರಣೆಗಳಿವೆ. ಇಷ್ಟು ತಗ್ಗಾದ, ಇಷ್ಟು ಬಿಸಿಯಾಗುವ ವಿ8 ಕಾರನ್ನು ಅದರ ಮೇಲೆ ಓಡಿಸಲೇಬಾರದು. ನಿಲ್ಲಿಸಿ, ರೈತರನ್ನು ಒಂದು ಬದಿ ಸರಿಸಿಕೊಡಲು ಕೇಳಿಕೊಳ್ಳಿ, ಇಲ್ಲವೇ ಹಿಂದಿರುಗಿ. ಆ ಎರಡು ತಿಂಗಳು ಕಾರನ್ನು ಮೈಸೂರಿನ ನೆಂಟರ ಮನೆಯಲ್ಲಿ ಇಡಲು ಸಾಧ್ಯವಾದರೆ ಅದೇ ಲೇಸು.

ಕಾರು ನಿಲ್ಲಿಸಲು ಮುಚ್ಚಿದ ಶೆಡ್ಡು ಬೇಕು. ಆದರೆ ಭತ್ತದ ಚೀಲ, ಹಿಂಡಿ, ಬೂಸಾ ಇಡುವ ಶೆಡ್ಡು ಮಾತ್ರ ಬೇಡವೇ ಬೇಡ. ಇಲಿ ಕಡಿದ ವೈರಿಂಗ್ ಹುಡುಕುವುದಕ್ಕೆ ಆಗುವ ಕೂಲಿ ಹೊಸ ವೈರಿಂಗಿನ ಬೆಲೆಗಿಂತ ಹೆಚ್ಚು. ಬ್ಯಾಟರಿಗೆ ಮೇಂಟೇನರ್ ಚಾರ್ಜರ್ ಸಿಕ್ಕಿಸಿಡಿ. ಪೂರ್ತಿ ಹೊದಿಸುವ ಪ್ಲಾಸ್ಟಿಕ್ ಹೊದಿಕೆ ಮಳೆಗಾಲದಲ್ಲಿ ಒಳಗೇ ಬೂಷ್ಟು ಹಿಡಿಸುತ್ತದೆ. ಗಾಳಿಯಾಡುವ ಹತ್ತಿಯದು ಸಾಕು. ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ನಿಲ್ಲಿಸುವ ಪದ್ಧತಿ ಕೆಲವರಿಗಿದೆ. ಅದರಿಂದ ಹಾನಿಯೇ ಹೆಚ್ಚು, ಏಕೆಂದರೆ ಆಯಿಲ್ ಕಾಯುವಷ್ಟು ಹೊತ್ತು ಎಂಜಿನ್ ಓಡದೆ ಅದರೊಳಗಿನ ತೇವ ಆರುವುದಿಲ್ಲ. ಶ್ರೀರಂಗಪಟ್ಟಣದವರೆಗಾದರೂ ಹೋಗಿ ಬನ್ನಿ, ಛಾವಣಿಯನ್ನೂ ಒಮ್ಮೆ ತೆರೆದು ಮುಚ್ಚಿ.

ಪೆಟ್ರೋಲಿನ ಬಗ್ಗೆ: ಈಗ ಬಂಕುಗಳಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆತದ್ದು. ಈ ಕಾರು ತಯಾರಾದ ಕಾಲದಲ್ಲಿ ಶೇಕಡ 10ರವರೆಗಿನ ಲೆಕ್ಕವಿತ್ತು; ಟ್ಯಾಂಕಿನ ಮುಚ್ಚಳದ ಒಳಬದಿಯ ಸ್ಟಿಕ್ಕರನ್ನು ಓದಿ. ಎಥನಾಲ್ ತೇವವನ್ನು ಎಳೆದುಕೊಳ್ಳುವುದರಿಂದ ನಿಂತೇ ಇರುವ ಕಾರಿಗೆ ಅದು ಇನ್ನಷ್ಟು ಒಗ್ಗದು. ನೂರು ಆಕ್ಟೇನಿನ ಪೆಟ್ರೋಲು ಸಿಗುವ ಬಂಕನ್ನು ಹುಡುಕಿಕೊಂಡು ಅದನ್ನೇ ಹಾಕಿಸಿ. ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಅದು ದೊಡ್ಡ ಹೊರೆಯಲ್ಲ. ಟೈರು ಮುಂದೆ 235/40, ಹಿಂದೆ 255/35, ಎರಡೂ ಹದಿನೆಂಟು ಇಂಚಿನವು. ಟೈರು ಕಾರ್ಖಾನೆಯಿರುವ ಊರಿನಲ್ಲಿದ್ದುಕೊಂಡೂ ಇಂಥ ಅಳತೆಯ ಜೋಡಿಗಾಗಿ ಬೆಂಗಳೂರಿಗೆ ಹೇಳಿ ಕಾಯಬೇಕಾಗುತ್ತದೆ.

ನಾಲೆಬಯಲು, ಪರೀಕ್ಷೆಯ ನಂತರ:

ನಿನ್ನೆ ಪರೀಕ್ಷೆ ಮುಗಿಯಿತು. ಚಾಸಿಸ್ ಸಂಖ್ಯೆ ನೀವು ಹೇಳಿದಂತೆಯೇ ಇದೆ, ಎಂಜಿನ್ನಿನ ಸಹಿಯ ಫಲಕವೂ ಇದೆ. ಸ್ಕ್ಯಾನರಿನಲ್ಲಿ ಎಲ್ಲ ಕಡೆಯೂ ಮೀಟರಿಗೆ ಹೊಂದುವ ಅಂಕಿಯೇ ಬಂದಿತು. ತಣ್ಣನೆಯ ಸ್ಟಾರ್ಟಿಂಗ್ ಶುದ್ಧವಾಗಿತ್ತು. ಮೊದಲ ಬಾರಿಗೆ ಗುಡುಗಿದಾಗ ಪಕ್ಕದ ಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿತು. ಓಡಿಸುವಾಗ ಎಂಜಿನ್ ನಾಲ್ಕರಿಂದ ಎಂಟು ಸಿಲಿಂಡರುಗಳಿಗೆ ಬದಲಾಗುವುದು ಗೊತ್ತೇ ಆಗಲಿಲ್ಲ.

ಛಾವಣಿ ಮೊದಲೆರಡು ಬಾರಿ ಸರಿಯಾಗಿ ತೆರೆದು, ಮೂರನೆಯ ಬಾರಿ ಅರ್ಧದಲ್ಲಿ ನಿಧಾನವಾಯಿತು. ಛಾವಣಿಯ ಬಲಬದಿಯ ಒಂದು ಸಿಲಿಂಡರಿನ ಬುಡದಲ್ಲಿ ಎಣ್ಣೆಯ ಪಸೆ ಇದೆ. ನೀರಿನ ಪರೀಕ್ಷೆಯಲ್ಲಿ ಒಳಗೆ ಒಂದು ಹನಿಯೂ ಬರಲಿಲ್ಲ. ಟೈರುಗಳ ಮೇಲಿನ ನಾಲ್ಕಂಕಿಯ ಗುರುತು 3117, ಅಂದರೆ 2017ರ ಮೂವತ್ತೊಂದನೆಯ ವಾರದವು. ಟ್ರೆಡ್ ಚೆನ್ನಾಗಿದ್ದರೂ ಅಂಚಿನಲ್ಲಿ ಸಣ್ಣ ಬಿರುಕುಗಳಿವೆ. ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ ಬಿಲ್ಲು ಇಲ್ಲ, ಬ್ರೇಕ್ ಆಯಿಲಿನದೂ ಇಲ್ಲ. ಡಾಕ್ಟರು ಯಾವುದನ್ನೂ ಅಲ್ಲಗಳೆಯಲಿಲ್ಲ. ಅಂದಾಜು ಪಟ್ಟಿ ತಂದರೆ ಅದರಂತೆ ಬೆಲೆ ಇಳಿಸಿಕೊಡುವುದಾಗಿ ಹೇಳಿದ್ದಾರೆ. ಛಾವಣಿಯ ಸಿಲಿಂಡರಿನ ಸೋರಿಕೆ ಹಿಂದೆ ಸರಿಯಬೇಕಾದಷ್ಟು ದೊಡ್ಡದೇ?

ಪಾನಾಪೆಟ್ಟಿಗೆ ಉತ್ತರ:

ಅಲ್ಲ. ಎಂಜಿನ್, ಗೇರ್‌ಬಾಕ್ಸ್, ಬಾಡಿ ಮೂರೂ ಸರಿಯಿರುವಾಗ ಒಂದು ಸಿಲಿಂಡರಿಗಾಗಿ ಇಂಥ ಕಾರನ್ನು ಬಿಡಬೇಡಿ. ಸೀಲು ಬದಲಿಸಿ ಸರಿಪಡಿಸುವವರಿದ್ದಾರೆ, ಹೊಸದನ್ನೂ ತರಿಸಬಹುದು. ಆದರೆ ಒಂದು ಸೋರಲಾರಂಭಿಸಿದರೆ ಅದೇ ವಯಸ್ಸಿನ ಉಳಿದವೂ ಸರದಿಯಲ್ಲಿರುತ್ತವೆ. ಆದ್ದರಿಂದ ಅಂದಾಜು ಪಟ್ಟಿಯಲ್ಲಿ ಒಂದನ್ನಲ್ಲ, ಪೂರ್ತಿ ಸೆಟ್ಟನ್ನು ಬರೆಸಿ. ಅದರ ಜೊತೆಗೆ ನಾಲ್ಕು ಟೈರು, ಗೇರ್‌ಬಾಕ್ಸ್ ಆಯಿಲ್ ಮತ್ತು ಅದರ ಫಿಲ್ಟರ್, ಬ್ರೇಕ್ ಆಯಿಲ್, ಕೂಲಂಟ್, ಬ್ಯಾಟರಿ ಹಳೆಯದಾದರೆ ಅದೂ ಸೇರಲಿ. ಬನ್ನಿಮಂಟಪದವರು ಹೇಳಿದಂತೆ ಈ ಮೊತ್ತವನ್ನು ಪೂರ್ತಿಯಾಗಿ ಕಳೆಯುವುದಕ್ಕೆ ಡಾಕ್ಟರು ಒಪ್ಪಿದರೆ ಕೊಳ್ಳಿ. ಅರ್ಧಕ್ಕೆ ಒಪ್ಪಿದರೂ ಕೊಳ್ಳಬಹುದೆಂದೇ ನನ್ನ ಅಭಿಪ್ರಾಯ; ಕೇಳುವ ಮುನ್ನವೇ ಎರಡು ವರ್ಷದ ಅಂತರವನ್ನು ತಾವಾಗಿ ಹೇಳಿದ ಮಾಲೀಕರು ಈ ವ್ಯಾಪಾರದಲ್ಲಿ ಸುಲಭವಾಗಿ ಸಿಗುವುದಿಲ್ಲ.

ಸಿಲಿಂಡರಿನ ಕೆಲಸ ಆಗುವವರೆಗೆ ಛಾವಣಿಯನ್ನು ಮುಚ್ಚಿಯೇ ಇಡಿ. ಅರ್ಧದಲ್ಲಿ ನಿಂತು, ಮೇಲೆ ಮಳೆ ಬಂದರೆ ಕೈಯಿಂದ ಎಳೆದು ಮುಚ್ಚಲು ಹೋಗಬೇಡಿ. ಹಾಗೆ ಬಲವಂತ ಮಾಡಿದಾಗಲೇ ಬಾಗುವ ಕೊಂಡಿಗಳು ಸೊಟ್ಟಗಾಗುವುದು. ಟೈರುಗಳನ್ನು ಮಂಡ್ಯಕ್ಕೆ ಒಯ್ಯುವ ಮೊದಲೇ ಬದಲಾಯಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ.